ಪತಂಗದ ಕುಡಿಮೀಸೆಯಿಂದಲೇ ಶುರು ಮಾಡಿ

ನಮಸ್ಕಾರ.

ಅಪಾಯವನ್ನು ಮೂಸಿ ಹಿಡಿಯುವ ರೋಬೋಟ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಹಾಕಲಾಗದು. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ.

ಮೊದಲ ಮೂರು ಪುಟ ಭೋಪಾಲ್, ವಿಶಾಖಪಟ್ಟಣ, ಅಡುಗೆಮನೆಯ ಸಿಲಿಂಡರ್ ಎಂದು ಸುತ್ತಿವೆ. ಅದೆಲ್ಲ ನಮ್ಮ ಓದುಗರಿಗೆ ಗೊತ್ತು. ಗೊತ್ತಿಲ್ಲದ್ದು ಅಮೆರಿಕದ ಸಿಯಾಟಲ್‌ನ ಸಂಶೋಧಕರು 2020ರಲ್ಲಿ ತೋರಿಸಿದ ‘ಸ್ಮೆಲಿಕಾಪ್ಟರ್’ ಡ್ರೋನ್. ಅದಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು, ಅದರಲ್ಲೂ ಒಂದು ಸಾಲನ್ನು ‘ಅದ್ಭುತ’, ‘ವಿಸ್ಮಯ’ಗಳೇ ನುಂಗಿವೆ.

ಈ ಡ್ರೋನಿಗೆ ಮೂಗಾಗಿರುವುದು ಪತಂಗದ ಕುಡಿಮೀಸೆ, ಅಂದರೆ ಆಂಟೆನಾ. ಪತಂಗವನ್ನು ಫ್ರಿಜ್ಜಿನಲ್ಲಿಟ್ಟು, ಮಂಪರು ಹತ್ತಿದ ಮೇಲೆ ಅದನ್ನು ತೆಗೆಯುತ್ತಾರೆ. ತೆಗೆದ ಮೇಲೂ ಅದು ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಎರಡೂ ತುದಿಗೆ ಎಳೆಯಂಥ ತಂತಿ ಸಿಕ್ಕಿಸಿದರೆ, ವಾಸನೆ ತಗುಲಿದಾಗ ಏಳುವ ವಿದ್ಯುತ್ ಸಂಕೇತ ಸಿಗುತ್ತದೆ. ಮಾಮೂಲಿ ಸೆನ್ಸರ್‌ಗಿಂತ ಇದು ಬೇಗ ಸ್ಪಂದಿಸಿತು, ಬೇಗ ಚೇತರಿಸಿಕೊಂಡು ಮುಂದಿನ ವಾಸನೆಗೆ ಅಣಿಯಾಯಿತು. ಇದನ್ನು ಬರೆಯಿರಿ.

ಇನ್ನೂ ಸ್ವಾರಸ್ಯದ್ದು ಹುಡುಕಾಟ. ವಾಸನೆ ಹಗ್ಗದ ಹಾಗೆ ಒಂದೇ ಸಮನೆ ಚಾಚಿಕೊಂಡಿರುವುದಿಲ್ಲ. ಗಾಳಿ ಅದನ್ನು ಚೂರುಚೂರು ಮಾಡಿ ಚೆದುರಿಸುತ್ತದೆ. ಹಾಗಾಗಿ ಡ್ರೋನ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿದು ಹುಡುಕುತ್ತದೆ, ವಾಸನೆ ತಗುಲಿದ ಕೂಡಲೇ ಮುನ್ನುಗ್ಗುತ್ತದೆ. ಪತಂಗ ಹಾರುವ ರೀತಿಯೂ ಇದೇ. ಗಾಳಿಗೆ ಮುಖಮಾಡಿ ನಿಲ್ಲಲು ಡ್ರೋನಿನ ಬೆನ್ನಿಗೆ ಎರಡು ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದಾರೆ, ಅಷ್ಟೇ. ಇಂಥ ವಿವರ ಕೈಯಲ್ಲಿರುವಾಗ ವಿಶೇಷಣ ಯಾಕೆ ಬೇಕು?

ಒಂದು ತಪ್ಪಂತೂ ಉಳಿಯಕೂಡದು. ಈ ಡ್ರೋನ್ ಬಾಂಬ್ ಪತ್ತೆಹಚ್ಚುತ್ತಿದೆ ಎಂದಿದ್ದೀರಿ. ಕುಡಿಮೀಸೆಯನ್ನು ಪರೀಕ್ಷಿಸಿದ್ದು ಹೂವಿನ ಪರಿಮಳ ಮತ್ತು ಎಥೆನಾಲ್ ಮೇಲೆ. ಟಿಎನ್‌ಟಿಯಂಥ ಸ್ಫೋಟಕಗಳ ಆವಿ ಕೊಟ್ಟು ನೋಡಿದ್ದು ಬರಣಿ ರಾಮನ್ ಅವರ ತಂಡ, ಅದೂ ಮಿಡತೆಗೆ, ಮಿದುಳಿಗೇ ಎಲೆಕ್ಟ್ರೋಡ್ ಇಟ್ಟು. ಅವರದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ. ಡ್ರೋನಿನವರದು ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್. ಎರಡು ಊರು, ಎರಡು ಪ್ರಯೋಗ, ಎರಡು ಹುಳ. ನೀವು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದಿದ್ದೀರಿ. (ಈ ಹೆಸರುಗಳಲ್ಲಿ ಎಡವುವವರು ನೀವೊಬ್ಬರೇ ಅಲ್ಲ ಬಿಡಿ.)

‘ವಿಜ್ಞಾನ ವರವೋ ಶಾಪವೋ’ ಎಂಬ ಕೊನೆಯ ಪ್ಯಾರಾ ಹೈಸ್ಕೂಲಿನ ಪ್ರಬಂಧ ಸ್ಪರ್ಧೆಗೆ ಇರಲಿ. ಅದರ ಬದಲು, ಗಾಳಿಯೇ ಆಡದ ಮುಚ್ಚಿದ ಗೋದಾಮಿನಲ್ಲಿ ಈ ಡ್ರೋನ್ ಯಾವ ಕಡೆ ಮುಖಮಾಡೀತು, ವಿಚಾರಿಸಿ ಬರೆಯಿರಿ. ಎಂಟುನೂರು ಪದ ಮೀರದಿರಲಿ.

ಸಂಪಾದಕ