‘ಆಮೇಲೆ ಬರ್ತೀನಿ ಸಾರ್’

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ನಾಲ್ಕು ಪುಟದ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಎಂಟು ತಿಂಗಳ ಹಿಂದೆ ನಿಮಗೆ ಬಡ್ತಿ ಸಿಕ್ಕಿತು. ಅಲ್ಲಿಯವರೆಗೆ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಒಂಬತ್ತು ಜನ ಈಗ ನಿಮ್ಮ ಕೈಕೆಳಗೆ. ‘ಏನಿದ್ದರೂ ನೇರವಾಗಿ ಬಂದು ಹೇಳಿ, ಬಾಗಿಲು ತೆರೆದೇ ಇರುತ್ತೆ’ ಎಂದು ಮೊದಲ ದಿನವೇ ಹೇಳಿದ್ದೀರಿ. ಯಾರೂ ಬರುತ್ತಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಾರೆ, ಹೊರಗೆ ಹೋದಮೇಲೆ ಗುಸುಗುಸು. ಹೋದ ತಿಂಗಳು ಒಂದು ಕೆಲಸ ಮೂರು ವಾರ ಹಿಂದೆ ಬಿದ್ದದ್ದು ನಿಮಗೆ ಗೊತ್ತಾಗಿದ್ದು ಗ್ರಾಹಕರ ಫೋನಿನಿಂದ. ಹಾಗಾಗಿ, ಸಂವಹನ ಕೌಶಲ ಕಲಿಸುವ ಒಳ್ಳೆಯ ಕೋರ್ಸ್ ಯಾವುದಿದೆ ಎಂದು ಕೇಳಿದ್ದೀರಿ.

ಕೋರ್ಸ್ ಹೇಳುವುದಿಲ್ಲ. ನಿಮ್ಮ ಪತ್ರ ಎಲ್ಲೂ ಎಡವದೆ ಓದಿಸಿಕೊಂಡಿತು. ಮಾತು ಬಾರದವರು ಹೀಗೆ ಬರೆಯುವುದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೇ ಪುಟದ ಒಂದು ಸಾಲು. ಕೆಲಸ ತಡವಾದದ್ದನ್ನು ಅದನ್ನು ಮಾಡುತ್ತಿದ್ದ ಹುಡುಗ ಎಲ್ಲರೆದುರು ಒಪ್ಪಿಕೊಂಡಾಗ ನೀವು ಕೇಳಿದ್ದು: ‘ಇದನ್ನ ಮೊದಲೇ ಯಾಕೆ ಹೇಳಲಿಲ್ಲ?’ ನ್ಯಾಯವಾದ ಪ್ರಶ್ನೆಯೇ. ನಾನೂ ವರ್ಷಗಟ್ಟಲೆ ಅದನ್ನೇ ಕೇಳಿದವನು. ಆದರೆ ತಪ್ಪಿಗೊಂದು ಬೈಗುಳ, ಬಾಯಿಬಿಟ್ಟದ್ದಕ್ಕೆ ಇನ್ನೊಂದು ಎಂದು ಸುತ್ತ ಕೂತಿದ್ದ ಎಂಟು ಜನ ಅಲ್ಲೇ ಲೆಕ್ಕ ಹಾಕಿಕೊಂಡಿರುತ್ತಾರೆ.

ನನ್ನದೇ ಕಥೆ ಕೇಳಿ. ಒಮ್ಮೆ ಪುಟ ಅಚ್ಚಿಗೆ ಹೋಗುವ ಸಂಜೆ ಎರಡು ಚಿತ್ರಗಳ ಅಡಿಬರಹ ಅದಲುಬದಲಾಗಿತ್ತು. ಪುಟ ಕಟ್ಟುವ ಹುಡುಗಿ ಅದನ್ನು ನೋಡಿದ್ದಳು. ನನ್ನ ಕೋಣೆಯ ಬಾಗಿಲವರೆಗೂ ಬಂದಳು. ನಾನು ಪ್ರೂಫಿನಿಂದ ತಲೆ ಎತ್ತದೆ ‘ಹ್ಞೂಂ?’ ಅಂದೆ. ‘ಏನಿಲ್ಲ ಸಾರ್, ಆಮೇಲೆ ಬರ್ತೀನಿ’ ಎಂದು ಹೊರಟುಹೋದಳು. ಅವಳು ಮತ್ತೆ ಬರಲಿಲ್ಲ, ಪತ್ರಿಕೆ ಬಂತು. ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಹಾಕಿದೆವು. ನನ್ನ ಬಾಗಿಲೂ ಅವತ್ತು ತೆರೆದೇ ಇತ್ತು ನೋಡಿ.

ಪತ್ರಿಕೆಯಲ್ಲಾದರೆ ತಪ್ಪೊಪ್ಪಿಗೆ ಹಾಕಬಹುದು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇಳಿಯಬೇಕಿದ್ದ ವಿಮಾನವೊಂದರ ಚಕ್ರ ಸರಿಯಾಗಿ ಕೆಳಗಿಳಿದಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತು ಹಾಕಿಸಿದರು. ಇಂಧನ ಇಳಿಯುತ್ತಿದ್ದದ್ದು ಕಾಕ್‌ಪಿಟ್‌ನಲ್ಲಿದ್ದ ಉಳಿದಿಬ್ಬರಿಗೆ ಕಾಣುತ್ತಿತ್ತು. ಅವರು ಸುಮ್ಮನಿರಲಿಲ್ಲ, ಇಂಧನದ ಮಾತು ಎತ್ತಿದರು. ಆದರೆ ‘ಇನ್ನು ಆಗುವುದಿಲ್ಲ, ಈಗಲೇ ಇಳಿಯಬೇಕು’ ಎಂದು ಗಟ್ಟಿಯಾಗಿ ಹೇಳಲಿಲ್ಲ. ಕ್ಯಾಪ್ಟನ್ ಮನಸ್ಸೆಲ್ಲ ಚಕ್ರದ ಮೇಲಿತ್ತು. ಎಂಜಿನ್‌ಗಳು ಒಂದೊಂದಾಗಿ ನಿಂತವು, ವಿಮಾನ ನಿಲ್ದಾಣ ತಲುಪುವ ಮೊದಲೇ ಬಿತ್ತು, 10 ಜನ ಸತ್ತರು. ಇಂಥ ಅಪಘಾತಗಳ ಬೆನ್ನಿಗೇ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಇವತ್ತು ಪೈಲಟ್‌ಗಳಿಗೆ ಕಡ್ಡಾಯವಾಗಿ ಕೊಡುವ ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ತರಬೇತಿ ಬೆಳೆದದ್ದು ಅಲ್ಲಿಂದ. ಕಿರಿಯರು ಸ್ಪಷ್ಟವಾಗಿ ಹೇಳುವುದನ್ನು ಅಲ್ಲಿ ಎಷ್ಟು ಕಲಿಸುತ್ತಾರೋ, ಹಿರಿಯರು ಕಿವಿಗೆ ಹಾಕಿಕೊಳ್ಳುವುದನ್ನೂ ಅಷ್ಟೇ ಕಲಿಸುತ್ತಾರೆ. ನಮ್ಮ ಕಚೇರಿಗಳಲ್ಲಿ ಈ ಎರಡನೆಯದನ್ನು ಯಾರೂ ಕಲಿಸುವುದಿಲ್ಲ. ಬಡ್ತಿಯ ಜೊತೆಗೇ ಬಂದುಬಿಡುತ್ತದೆ ಎಂದು ನಂಬಿದ್ದೇವೆ.

ಈಗ ನೀವು ಏನು ಮಾಡಬಹುದು? ಯಾರಾದರೂ ಕೆಟ್ಟ ಸುದ್ದಿ ತಂದಾಗ ‘ಯಾಕೆ’ ಎಂಬುದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ‘ಹೇಳಿದ್ದು ಒಳ್ಳೇದಾಯ್ತು, ಈಗ ಎಷ್ಟು ಕೆಲಸ ಬಾಕಿ ಇದೆ?’ ಎಂದು ಶುರುಮಾಡಿ. ಮರುದಿನ ಒಬ್ಬರನ್ನೇ ಕೂರಿಸಿಕೊಂಡು ಕೇಳಿ, ಬೇಕಾದರೆ ಖಾರವಾಗಿಯೇ ಕೇಳಿ. ತಪ್ಪನ್ನು ಮುಚ್ಚಿಹಾಕಿ ಎಂದು ನಾನು ಹೇಳುತ್ತಿಲ್ಲ. ಎಲ್ಲಕ್ಕೂ ನಗುತ್ತಾ ಇರುವ ಮೇಲಧಿಕಾರಿಯ ಹತ್ತಿರವೂ ಯಾರೂ ನಿಜ ಹೇಳುವುದಿಲ್ಲ, ಹೇಳಿ ಪ್ರಯೋಜನವಿಲ್ಲ ಎಂದು.

ಮೀಟಿಂಗಿನಲ್ಲಿ ‘ಎಲ್ಲ ಸರಿ ಇದೆ ತಾನೇ?’ ಎಂದು ಕೇಳಬೇಡಿ. ‘ಹ್ಞೂಂ’ ಬಿಟ್ಟು ಬೇರೆ ಉತ್ತರಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ. ‘ಈ ಕೆಲಸ ಸಿಕ್ಕಿಹಾಕಿಕೊಂಡರೆ ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದು?’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಆ ಮೌನ ಕಷ್ಟ. ಹತ್ತು ಸೆಕೆಂಡಿಗೆ ನಮಗೇ ಚಡಪಡಿಕೆಯಾಗಿ ಏನಾದರೂ ಹೇಳಿಬಿಡುತ್ತೇವೆ, ಅಲ್ಲಿಗೆ ಬೇರೆಯವರು ಬಚಾವಾಗುತ್ತಾರೆ.

‘ನಾನು ಸ್ಪಷ್ಟವಾಗಿಯೇ ಹೇಳಿದ್ದೆ’ ಎಂದು ಎರಡು ಕಡೆ ಬರೆದಿದ್ದೀರಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ 1990ರಲ್ಲಿ ಒಂದು ಪ್ರಯೋಗ ಮಾಡಿದರು. ಗೊತ್ತಿರುವ ಹಾಡಿನ ಲಯವನ್ನು ಒಬ್ಬರು ಮೇಜಿನ ಮೇಲೆ ಬೆರಳಲ್ಲಿ ತಟ್ಟಬೇಕು, ಹಾಡು ಯಾವುದೆಂದು ಇನ್ನೊಬ್ಬರು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂಬುದು ತಟ್ಟುವವರ ಅಂದಾಜು. ಗುರುತಿಸಿದ್ದು 120ರಲ್ಲಿ 3. ತಟ್ಟುವವರ ತಲೆಯೊಳಗೆ ಹಾಡು ಪೂರ್ತಿ ಕೇಳುತ್ತಿರುತ್ತದೆ, ಎದುರಿಗಿದ್ದವರಿಗೆ ಬರೀ ಟಕಟಕ. ಹಾಗಾಗಿ ‘ಅರ್ಥವಾಯ್ತಾ?’ ಬೇಡ. ‘ನಾಳೆ ಮೊದಲು ಯಾವುದರಿಂದ ಶುರುಮಾಡ್ತೀರಿ?’ ಎಂದು ಕೇಳಿದರೆ, ನಿಮ್ಮ ಮಾತಿನಲ್ಲಿ ಎಷ್ಟು ತಲುಪಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಹಳೆಯ ಗೆಳತಿ ಮೊದಲಿನಂತೆ ಹರಟುವುದಿಲ್ಲ ಎಂಬ ಬೇಸರಕ್ಕೆ ನನ್ನಲ್ಲಿ ಮದ್ದಿಲ್ಲ. ಅವರ ರಜೆಗೆ ಈಗ ನೀವು ಸಹಿ ಹಾಕುತ್ತೀರಿ, ಮೊದಲಿನಂತೆ ಇರಲಾರದು. ‘ಉಳಿದವರು ನನ್ನ ಬಗ್ಗೆ ಏನಂತಾರೆ’ ಎಂದು ಮಾತ್ರ ಅವರನ್ನು ಕೇಳಬೇಡಿ.

ಕೊನೆಯದಾಗಿ ಆ ಹುಡುಗ. ಪ್ರಶ್ನೆ ಕೇಳಿದ್ದು ಎಂಟು ಜನರ ಮುಂದೆ, ಹಾಗಾಗಿ ಇದನ್ನೂ ಅವರ ಮುಂದೆಯೇ ಹೇಳಿ: ‘ಅವತ್ತು ನೀನು ಒಪ್ಪಿಕೊಂಡಿದ್ದು ಸರಿ, ನಾನು ಕೇಳಿದ ರೀತಿ ಸರಿಯಿರಲಿಲ್ಲ.’ ಉದ್ದ ಭಾಷಣ ಬೇಡ. ಹೇಳಿ, ಮುಂದಿನ ಕೆಲಸಕ್ಕೆ ಹೋಗಿ. ಏನಾಯಿತೆಂದು ನನಗೊಂದು ಪತ್ರ ಬರೆಯಿರಿ, ಈ ಸಲ ಎರಡು ಪುಟ ಸಾಕು.

— ಸಂ.