ದೋಣಿ ಎಂಜಿನ್ ನಡುಹೊಳೆಯಲ್ಲಿ ನಿಲ್ಲುತ್ತದೆ, ಕಾರ್ಬೊರೇಟರ್ ಬದಲಿಸಲಾ?

ಪ್ರಶ್ನೆ: ಅಪ್ಪನ ಹಳೆಯ ಫೈಬರ್ ದೋಣಿ ನಾಲ್ಕು ವರ್ಷ ಮನೆ ಹಿತ್ತಲಲ್ಲಿ ಕವುಚಿ ಬಿದ್ದಿತ್ತು. ಈಗ ರಿಪೇರಿ ಮಾಡಿ ಕಾಳಿ ನದಿಗೆ ಇಳಿಸಿದ್ದೇನೆ. ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಟೂ-ಸ್ಟ್ರೋಕ್ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ಮೂರನೇ ಎಳೆತಕ್ಕೇ ಸ್ಟಾರ್ಟ್ ಆಗುತ್ತದೆ. ಕೋಡಿಬಾಗದಿಂದ ಹೊರಟು ಹತ್ತು ನಿಮಿಷಕ್ಕೆ ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಪೆಟ್ರೋಲ್ ಪೈಪಿನ ನಡುವೆ ಇರುವ, ಕೈಯಲ್ಲಿ ಒತ್ತಿ ಪೆಟ್ರೋಲ್ ಮುಂದಕ್ಕೆ ತಳ್ಳುವ ರಬ್ಬರ್ ಬಲ್ಬ್ ಒತ್ತಿದರೆ ಮತ್ತೆ ಓಡುತ್ತದೆ. ಹೊಸ ಕಾರ್ಬೊರೇಟರ್ ಬೇಕು ಅಂತಾರೆ ಮೆಕ್ಯಾನಿಕ್. ಹಾಕಿಸಲಾ?
– ಓದುಗರೊಬ್ಬರು, ಕಾರವಾರ

ಉತ್ತರ: ಈಗಲೇ ಬೇಡ. ಬಲ್ಬ್ ಒತ್ತಿದರೆ ಓಡುತ್ತದೆ ಅಂತ ನೀವೇ ಬರೆದಿದ್ದೀರಲ್ಲ, ರೋಗ ಅಲ್ಲೇ ಇದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ ಪೆಟ್ರೋಲೇ ಸಾಕಷ್ಟು ಬರುತ್ತಿಲ್ಲ. ಬಾಯಾರಿದವನಿಗೆ ನೀರು ಕೊಡುವುದು ಬಿಟ್ಟು ಗಂಟಲು ಬದಲಿಸಿದರೆ ಏನು ಬಂತು?

ಟ್ಯಾಂಕಿನಿಂದ ಶುರು ಮಾಡಿ. ಮುಚ್ಚಳದ ಮೇಲಿನ ಗಾಳಿ ತಿರುಪು ಸಡಿಲಿಸಿದ್ದೀರಾ? ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ನಗಬೇಡಿ. ಬೈತಖೋಲದಲ್ಲಿ ಒಬ್ಬರು ಎರಡು ದಿನ ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ನಾನು ಹೋಗಿ ಆ ತಿರುಪನ್ನಷ್ಟೇ ತಿರುಗಿಸಿ ಬಂದಿದ್ದೆ. ಚಹಾ ಕುಡಿಸಿದರು, ಮುಖ ಮಾತ್ರ ಸಪ್ಪಗಿತ್ತು.

ತಿರುಪು ಸರಿಯಿದ್ದರೆ, ಎಂಜಿನ್ ನಿಲ್ಲುವ ಹೊತ್ತಿಗೆ ಬಲ್ಬ್ ನೋಡಿ. ಚಪ್ಪಟೆಯಾಗಿದ್ದರೆ ಬಲ್ಬಿಗೂ ಟ್ಯಾಂಕಿಗೂ ನಡುವೆ ಏನೋ ಕಟ್ಟಿಕೊಂಡಿದೆ. ಉಬ್ಬಿಯೇ ಇದ್ದು ಮೆತ್ತಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಎಂಜಿನ್ನಿನ ಪೆಟ್ರೋಲ್ ಪಂಪಿನ ತೆಳು ಪರದೆ ಸತ್ತಿದೆ. ಗಾಳಿ ಎಳೆಯುವ ಕಡೆ ಪೆಟ್ರೋಲ್ ಒಂದು ಹನಿಯೂ ಸೋರದೇ ಇರಬಹುದು. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ನನ್ನ ಅನುಮಾನ ಪೈಪಿನ ಮೇಲೆ. ಹೊರಗಿನಿಂದ ಕಪ್ಪಗೆ ಗಟ್ಟಿಮುಟ್ಟಾಗಿ ಕಾಣುತ್ತದೆ, ಅಲ್ವಾ? ಬಿಚ್ಚಿ ತೆಗೆದು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಒಳಪದರ ಬಾಳೆದಿಂಡಿನ ಸಿಪ್ಪೆಯ ಹಾಗೆ ಎದ್ದಿರುತ್ತದೆ. ಎಂಜಿನ್ ಜೋರಾಗಿ ಎಳೆದಾಗ ಆ ಸಿಪ್ಪೆ ಬಾಗಿಲು ಹಾಕುತ್ತದೆ, ನಿಂತ ಮೇಲೆ ತಾನೇ ತೆರೆಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರು ಅದಕ್ಕೆ ತಡೆಯುವುದಿಲ್ಲ. ಪೈಪ್, ಬಲ್ಬ್, ಕ್ಲಿಪ್, ಫಿಲ್ಟರ್ ನಾಲ್ಕೂ ಒಟ್ಟಿಗೇ ಬದಲಿಸಿ. ದೋಣಿ ಎಂಜಿನ್ನಿಗೆಂದೇ ಬರುವ ಪೈಪ್ ಕೇಳಿ, ತೋಟದ ಪೈಪ್ ಬೇಡ. ಬಲ್ಬಿನ ಮೇಲಿನ ಬಾಣ ಎಂಜಿನ್ ಕಡೆಗಿರಲಿ.

ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಉಳಿದಿದ್ದರೆ ಪೂರ್ತಿ ತೆಗೆಯಿರಿ. ಹೊಸದರೊಟ್ಟಿಗೆ ಬೆರೆಸಿ ಉಳಿಸುವ ಆಸೆ ಬೇಡ. ತಳದ್ದನ್ನು ಗಾಜಿನ ಬಾಟಲಿಗೆ ಬಸಿದು ಒಂದು ಗಂಟೆ ಸುಮ್ನೆ ಇಡಿ. ಕೆಳಗೆ ಬೇರೆ ಪದರ ನಿಂತರೆ ಅದು ನೀರು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕಿಳಿಯುತ್ತವೆ. ಟ್ಯಾಂಕಿನ ಪೈಪ್ ಹೀರುವುದೂ ತಳದಿಂದಲೇ. ಈ ಕೆಲಸ ಬಯಲಲ್ಲಿ ಮಾಡಿ, ಬೀಡಿ ಸೇದುವವರನ್ನು ದೂರ ಕಳಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ಹೊಟ್ಟೆಯಲ್ಲೇ ಕೂತಿರುತ್ತದೆ. ಹೊಸ ಪೆಟ್ರೋಲಿಗೆ ಎಂಜಿನ್ ಪುಸ್ತಕದಲ್ಲಿ 50:1 ಅಂತಿದ್ದರೆ ಲೀಟರಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್.

ಇಷ್ಟಾದ ಮೇಲೂ ನಿಂತರೆ ಕಾರ್ಬೊರೇಟರ್ ಬಿಚ್ಚಿಸಿ, ಬದಲಿಸಲು ಅಲ್ಲ, ತೊಳೆಯಲು. ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತುಂಡು, ಅಂದರೆ ಜೆಟ್ಟಿನ ತೂತಿಗೆ ಉಕ್ಕಿನ ತಂತಿ ತೂರಿಸಲು ಬಿಡಬೇಡಿ. ಜೆಟ್ ಹಿತ್ತಾಳೆಯದ್ದು, ತೂತು ದೊಡ್ಡದಾಗಿಬಿಡುತ್ತದೆ.

ಮೊದಲು ನೀರು ತುಂಬಿದ ಡ್ರಮ್ಮಿನಲ್ಲಿ ಅರ್ಧ ಗಂಟೆ ಓಡಿಸಿ ನೋಡಿ. ಹೊಳೆಗೆ ಇಳಿಸುವ ದಿನ ಹುಟ್ಟು ಜೊತೆಗಿರಲಿ. ಉಬ್ಬರ ಇಳಿಯುವ ಹೊತ್ತಿಗೆ ಎಂಜಿನ್ ನಿಂತರೆ ಕಾಳಿ ನಿಮ್ಮನ್ನು ಸೀದಾ ಸಮುದ್ರಕ್ಕೆ ಒಯ್ಯುತ್ತದೆ.