ಓದುಗರ ಪ್ರಶ್ನೆ: ಮನೆತನದ ಚರಿತ್ರೆಯಲ್ಲಿ ಅಜಲನ್ನೂ ಬರೆಯಬೇಕೆ?

ಪ್ರಶ್ನೆ: ನಮ್ಮ ಗುತ್ತಿನ (ಊರಿನ ಹಳೆಯ ಭೂಮಾಲೀಕ ಮನೆತನದ) ದೈವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಮನೆತನದ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೊರಗ ಬುಡಕಟ್ಟಿನವರಿಂದ ಅಜಲು (ಅವರನ್ನು ಕೀಳಾಗಿ ಕಂಡು ಮಾಡಿಸುತ್ತಿದ್ದ ಬಿಟ್ಟಿ ಚಾಕರಿ, ಅವಮಾನಕರ ಆಚರಣೆ) ಮಾಡಿಸಿಕೊಂಡದ್ದು, ಗೇಣಿದಾರರನ್ನು ಒಕ್ಕಲೆಬ್ಬಿಸಿದ್ದು ಊರಿಗೇ ಗೊತ್ತಿದ್ದರೂ ಹಿರಿಯರು ‘ಅದೆಲ್ಲ ಈಗ ಯಾಕೆ’ ಅನ್ನುತ್ತಾರೆ. ಅಮೆರಿಕದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಹಿಳೆಯೊಬ್ಬರು ತಮ್ಮವರೇ ನಡೆಸಿದ ಹತ್ಯಾಕಾಂಡದ ಬಗ್ಗೆ ಬರೆದಿದ್ದಾರಂತೆ. ಅವರು ಹೇಗೆ ನಿಭಾಯಿಸಿದರು?
– ಓದುಗರು, ಕಾಪು

ಉತ್ತರ: ಅವರು ಜುವಾನಿಟಾ ಬ್ರೂಕ್ಸ್ (1898–1989). ದಕ್ಷಿಣ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಅಧ್ಯಾಪಕಿಯಾಗಿದ್ದವರು. 1857ರ ಸೆಪ್ಟೆಂಬರ್ 11ರಂದು ಮೌಂಟನ್ ಮೆಡೋಸ್ ಎಂಬಲ್ಲಿ ಮಾರ್ಮನ್ ಸೇನಾದಳದವರು ಅರ್ಕಾನ್ಸಾ ಕಡೆಯ ವಲಸಿಗರಿಗೆ ಬಿಳಿ ಬಾವುಟ ತೋರಿಸಿ, ಆಯುಧ ಕೆಳಗಿಟ್ಟರೆ ಸುರಕ್ಷಿತವಾಗಿ ಕಳಿಸುತ್ತೇವೆಂದು ಮಾತು ಕೊಟ್ಟು, ಸುಮಾರು 120 ಮಂದಿಯನ್ನು ಕೊಂದರು. ಉಳಿದದ್ದು 17 ಪುಟ್ಟ ಮಕ್ಕಳು. ಪಂಥದವರು ಬಹುಕಾಲ ತಪ್ಪನ್ನೆಲ್ಲ ಪೈಯೂಟ್ ಬುಡಕಟ್ಟಿನ ಮೇಲೆ, ಆಮೇಲೆ ಈ ಹತ್ಯೆಗಾಗಿ 1877ರಲ್ಲಿ ಮರಣದಂಡನೆಗೆ ಗುರಿಯಾಗಿ ಗುಂಡಿಕ್ಕಿಸಿಕೊಂಡ ಜಾನ್ ಡಿ. ಲೀ ಒಬ್ಬನ ಮೇಲೆ ಹೊರಿಸಿದರು. ಬ್ರೂಕ್ಸ್ 1950ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಕಳಚಿಹಾಕಿದರು. ಹಾಗೆಂದು ಪಂಥ ಬಿಡಲಿಲ್ಲ.

ಅವರ ಕೆಲಸದ ಕ್ರಮ ನಿಮಗೆ ಉಪಯೋಗಕ್ಕೆ ಬರುತ್ತದೆ. ಹತ್ಯೆಯಲ್ಲಿ ಇದ್ದ ನೀಫೈ ಜಾನ್ಸನ್ ಎಂಬ ಮುದುಕ, ಬ್ರೂಕ್ಸ್ ಇನ್ನೂ ಹರೆಯದ ಶಾಲಾ ಶಿಕ್ಷಕಿಯಾಗಿದ್ದಾಗ, ಏನೋ ಬರೆಸಬೇಕೆಂದು ಕೇಳಿಕೊಂಡಿದ್ದ. ಆಮೇಲೆ ನೋಡೋಣ ಎಂದು ಅವರು ಮುಂದೂಡಿದರು. ಹೋಗುವಷ್ಟರಲ್ಲಿ ಆತ ಸಾವಿನ ಹಾಸಿಗೆಯಲ್ಲಿ ‘ರಕ್ತ, ರಕ್ತ’ ಎಂದು ಕನವರಿಸುತ್ತಿದ್ದ. ಆದ್ದರಿಂದ ಮೊದಲು ಮನುಷ್ಯರು, ಆಮೇಲೆ ಕಡತ. ಕಡತ ಗೆದ್ದಲು ಹಿಡಿಯದಂತೆ ನೋಡಿಕೊಂಡರೆ ಮುಂದಿನ ವರ್ಷವೂ ಇರುತ್ತದೆ. ನಿಮ್ಮ ಮನೆಯ ಹಿರಿಯರನ್ನು ಮಾತ್ರ ಕೇಳಿದರೆ ಸಾಲದು, ಒಕ್ಕಲು ಕುಟುಂಬಗಳವರನ್ನೂ ಕೊರಗ ಹಿರಿಯರನ್ನೂ ಕೇಳಿ. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ದಾಖಲಿಸಿ, ಪಕ್ಕದಲ್ಲಿ ಕನ್ನಡ ಇಡಿ. ಪ್ರತಿ ಹೇಳಿಕೆಯ ತಲೆಯಲ್ಲಿ ಹೇಳಿದವರ ವಯಸ್ಸು, ತಾರೀಕು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದು ಇರಲಿ. ಹೆಸರು ಅಚ್ಚಾಗಬೇಕಾದರೆ ಒಪ್ಪಿಗೆ ಪಡೆಯಿರಿ, ಅಚ್ಚಿಗೆ ಮೊದಲು ಅವರ ಭಾಗವನ್ನು ಅವರಿಗೇ ಓದಿ ಹೇಳಿ.

ಕಡತಗಳಲ್ಲಿ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷವರ್ಷದ ಗೇಣಿ) ಚೀಟುಗಳು, ಮನೆಯ ಗೇಣಿ ಲೆಕ್ಕದ ಪುಸ್ತಕ, 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂಮಿಯ ಹಕ್ಕು ಕೇಳಿ ಕೊಟ್ಟ ಫಾರಂ 7 ಅರ್ಜಿಗಳು ಮತ್ತು ಭೂನ್ಯಾಯ ಮಂಡಳಿಯ ತೀರ್ಪುಗಳು ಮುಖ್ಯ. ಅದೇ ಜಾಗದ ಬಗ್ಗೆ ಧಣಿಯ ಲೆಕ್ಕ ಒಂದು ಹೇಳುತ್ತದೆ, ಒಕ್ಕಲಿನ ಅರ್ಜಿ ಇನ್ನೊಂದು. ಎರಡನ್ನೂ ಕೊಡಿ. ಗೇಣಿ ಅಕ್ಕಿಯನ್ನು ಕಿಲೋಗೆ ಇಳಿಸಲು ಹೋಗಬೇಡಿ. 14 ಸೇರಿಗೆ ಕಳಸೆ, 42 ಸೇರಿಗೆ ಮುಡಿ ಎಂಬ ಲೆಕ್ಕ ಸಾಮಾನ್ಯವಾದರೂ ಸೇರು ಎಲ್ಲ ಕಡೆ ಒಂದೇ ಅಲ್ಲ; ಪುಸ್ತಕದಲ್ಲಿ ಇದ್ದಂತೆ ಮುಡಿ ಎಂದೇ ಬರೆಯಿರಿ. 1956ರವರೆಗೆ ನಮ್ಮ ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿದ್ದರಿಂದ ಹಳೆಯ ಸರಕಾರಿ ಕಾಗದಗಳಿಗೆ ಚೆನ್ನೈಯ ಪತ್ರಾಗಾರವನ್ನೂ ನೋಡಬೇಕಾಗುತ್ತದೆ.

ಹೆಚ್ಚಿನವರು ಎಡವುವುದು ಬರವಣಿಗೆಯಲ್ಲಿ. ‘ಆ ಕಾಲದಲ್ಲಿ ಅಜಲು ಪದ್ಧತಿ ಇತ್ತು’ ಎಂದರೆ ಯಾರೂ ಏನೂ ಮಾಡಲಿಲ್ಲ ಎಂದಂತೆ. ‘ನಮ್ಮ ಮನೆಯವರು ಕಂಬಳದ ಹಿಂದಿನ ರಾತ್ರಿ ಕೊರಗರನ್ನು ಗದ್ದೆಯ ಬಳಿ ಕೂರಿಸಿ ಡೋಲು ಬಾರಿಸಿಸುತ್ತಿದ್ದರು’ ಎಂದು, ದಾಖಲೆ ಇದ್ದಷ್ಟು, ಕರ್ತೃವಿಟ್ಟು ಬರೆಯಿರಿ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದ್ದು ನಿಮ್ಮ ಮನೆಯಲ್ಲೇ ನಡೆದದ್ದೋ, ಸೀಮೆಯಲ್ಲಿ ಕೇಳಿಬರುವುದೋ ಎಂದು ಬೇರ್ಪಡಿಸಿ. ಬ್ರೂಕ್ಸ್ ಇದರಲ್ಲಿ ಬಹಳ ಬಿಗಿ: ಪಂಥದ ಮುಖ್ಯಸ್ಥ ಬ್ರಿಗಂ ಯಂಗ್ ಹತ್ಯೆಗೆ ಆದೇಶ ಕೊಟ್ಟದ್ದಕ್ಕೆ ಪುರಾವೆ ಸಿಗಲಿಲ್ಲ ಎಂದರು; ಹತ್ಯೆ ಸಾಧ್ಯವಾಗುವ ಉನ್ಮಾದವನ್ನು ಬೆಳೆಸಿದ್ದು, ಆಮೇಲೆ ಮುಚ್ಚಿಟ್ಟದ್ದು ಹೌದು ಎಂದೂ ಬರೆದರು. ಚರ್ಚ್ ಕಚೇರಿಯ ಕೆಲವು ಪ್ರಮಾಣಪತ್ರಗಳನ್ನು ನೋಡಲು ಬಿಡದಿದ್ದಾಗ ಅದನ್ನೂ ಪುಸ್ತಕದಲ್ಲಿ ದಾಖಲಿಸಿದರು. ನಿಮ್ಮಲ್ಲೂ ಕಡತದ ಪೆಟ್ಟಿಗೆಯ ಕೀಲಿ ಕೊಡದ ಮಾವನಿದ್ದರೆ ಆ ವಿಷಯದಲ್ಲಿ ನೀವೂ ಒಂದು ಸಾಲು ಹಾಗೆ ಬರೆಯಬಹುದು, ಹೆಸರು ಬೇಡ.

ಅಜಲು ಬರೀ ಹಳೆಯ ಸಂಗತಿ ಎನ್ನುವ ಹಿರಿಯರಿಗೆ, ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ ಎಂದು ತಿಳಿಸಿ.

ಪ್ರಶ್ನೆ: 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ ಕ್ರೈಸ್ತರ ಸಂಖ್ಯೆ ಒಂದೊಂದು ಪುಸ್ತಕದಲ್ಲಿ ಒಂದೊಂದು. ಇಗರ್ಜಿಯ ಸಂಚಿಕೆಗೆ ಯಾವುದನ್ನು ಹಾಕಲಿ?
– ಓದುಗರು, ಮಂಗಳೂರು

ಉತ್ತರ: 30,000ದಿಂದ 80,000ದವರೆಗೆ ಸಿಗುತ್ತದೆ. ದೊಡ್ಡದನ್ನು ಆರಿಸುವ ಆಸೆ ಸಹಜ, ಬೇಡ. ಪ್ರತಿ ಸಂಖ್ಯೆಯನ್ನೂ ಹೇಳಿದವರು ಯಾರು, ಘಟನೆಯಾಗಿ ಎಷ್ಟು ವರ್ಷಕ್ಕೆ ಹೇಳಿದರು, ಅವರು ಯಾರ ಪಕ್ಷದವರು ಎಂಬುದರೊಂದಿಗೆ ಕೊಡಿ. ಸರಾಸರಿ ಮಾತ್ರ ತೆಗೆಯಬೇಡಿ, ಅದು ಯಾರೂ ಹೇಳದ ಸಂಖ್ಯೆಯಾಗುತ್ತದೆ.

ಪ್ರಶ್ನೆ: ಸಮಿತಿಯವರು ಪುಟಗಳನ್ನೇ ಕಿತ್ತುಹಾಕಿದರೆ?
– ಓದುಗರು, ಕಾರ್ಕಳ

ಉತ್ತರ: ಸಂಚಿಕೆ ಅವರದು, ಬರಹ ನಿಮ್ಮದು. ತಿದ್ದಿದ ಲೇಖನಕ್ಕೆ ಹೆಸರು ಹಾಕಬೇಡಿ ಎಂದು ಲಿಖಿತವಾಗಿ ತಿಳಿಸಿ, ಪೂರ್ಣ ಪಾಠವನ್ನು ಬೇರೆಯಾಗಿ ಅಚ್ಚು ಹಾಕಿಸಿ. 1961ರಲ್ಲಿ, ಮೇಲೆ ಹೇಳಿದ ಜಾನ್ ಲೀಯನ್ನು ಮಾರ್ಮನ್ ಚರ್ಚ್ ಮರಣಾನಂತರ ಮತ್ತೆ ಸೇರಿಸಿಕೊಂಡಾಗ ಸುದ್ದಿ ಹೊರಬಾರದೆಂದು ಒತ್ತಡವಿತ್ತು. ಬ್ರೂಕ್ಸ್ ಆತನ ಜೀವನಚರಿತ್ರೆಯಲ್ಲಿ ಅದನ್ನು ಅಚ್ಚು ಹಾಕಿಸಿಯೇಬಿಟ್ಟರು. ನಿಮ್ಮ ಒಂದು ಪ್ರತಿ ಹತ್ತಿರದ ಕಾಲೇಜು ಗ್ರಂಥಾಲಯಕ್ಕೆ, ಹೇಳಿಕೆ ಕೊಟ್ಟ ಮನೆಗಳಿಗೆ ಒಂದೊಂದು ಪ್ರತಿ ಹೋಗಲಿ. ಧ್ವನಿಮುದ್ರಣ ಫೋನಿನಲ್ಲಿ ಮಾತ್ರ ಉಳಿಯದಿರಲಿ.